ನೀರಿಲ್ಲದೆ ಹರಿಯುವ ಉಪ್ಪು: ಅಧಿಕ ವೋಲ್ಟೇಜಿನ ಬ್ಯಾಟರಿಗೆ ಹೊಸ ದ್ರವ

ಗೋಕರ್ಣದ ಓಂ ಬೀಚನ್ನು ನೀವು ನೋಡಿರಬಹುದು. ಅರ್ಧಚಂದ್ರಾಕಾರದ ಎರಡು ಮರಳದಂಡೆಗಳು, ಅವು ಕೂಡುವಲ್ಲಿ ಸಮುದ್ರದೊಳಕ್ಕೆ ಚಾಚಿದ ಬಂಡೆಗಳು. ಗುಡ್ಡದ ಮೇಲಿನಿಂದ ನೋಡಿದರೆ ಓಂಕಾರದ ಆಕೃತಿ ಕಾಣುತ್ತದೆ. ಕೆಲವು ವರ್ಷಗಳ ಹಿಂದೆ, ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಬಿ.ಎಸ್‌ಸಿ. ವಿದ್ಯಾರ್ಥಿಗಳ ತಂಡದೊಂದಿಗೆ ನಾನು ಅಲ್ಲಿದ್ದೆ. ಬಂಡೆಯ ಮೇಲೆ ಬಿಸಿಲಿನಲ್ಲಿ ಬಿಟ್ಟಿದ್ದ ವಿದ್ಯಾರ್ಥಿನಿಯೊಬ್ಬಳ ಮೊಬೈಲ್ ಫೋನ್ ಚೆನ್ನಾಗಿ ಕಾದು, ತಣ್ಣಗಾದ ಮೇಲೆ ಬಳಸಿರೆಂಬ ಎಚ್ಚರಿಕೆ ತೋರಿಸಿ ಕೆಲಸ ನಿಲ್ಲಿಸಿತು. ಆಕೆ ಅದನ್ನು ನೆರಳಿಗೆ ಇಡುತ್ತ ಕೇಳಿದಳು: “ಸರ್, ಬ್ಯಾಟರಿಯೊಳಗೆ ಬೆಂಕಿ ಹತ್ತುವ ದ್ರವ ಇರುತ್ತದಂತೆ. ಅದರ ಬದಲು ಈ ಸಮುದ್ರದ ನೀರನ್ನೇ ತುಂಬಿದರೆ ಆಗುವುದಿಲ್ಲವೆ?”

ಉಳಿದವರು ನಕ್ಕರು. ಆದರೆ ಅದು ನಗುವಂಥ ಪ್ರಶ್ನೆಯಾಗಿರಲಿಲ್ಲ. ಬ್ಯಾಟರಿ ವಿಜ್ಞಾನಿಗಳು ಹಲವು ದಶಕಗಳಿಂದ ಕೇಳಿಕೊಳ್ಳುತ್ತಿರುವುದು ಇದಕ್ಕೆ ತೀರ ಹತ್ತಿರದ ಪ್ರಶ್ನೆಯನ್ನೇ. ಅದರ ಉತ್ತರವನ್ನು ಹಂತ ಹಂತವಾಗಿ ನೋಡೋಣ.

ಬ್ಯಾಟರಿಯೊಳಗೆ ನಡೆಯುವುದೇನು?

ಲಿಥಿಯಮ್ ಅಯಾನು ಬ್ಯಾಟರಿಯಲ್ಲಿ ಮುಖ್ಯವಾದ ಭಾಗಗಳು ಮೂರು. ಋಣ ಧ್ರುವದಲ್ಲಿ ಗ್ರಾಫೈಟ್, ಇದು ಆನೋಡ್. ಧನ ಧ್ರುವದಲ್ಲಿ ಲಿಥಿಯಮ್ ಇರುವ ಒಂದು ಲೋಹದ ಆಕ್ಸೈಡ್ ಅಥವಾ ಫಾಸ್ಫೇಟ್, ಇದು ಕ್ಯಾಥೋಡ್. ಇವೆರಡರ ನಡುವೆ ಅಯಾನುಗಳು ಈಜುವ ದ್ರವ, ಇದು ವಿದ್ಯುದ್ವಿಭಾಜ್ಯ. ಎರಡು ಧ್ರುವಗಳು ಒಂದಕ್ಕೊಂದು ತಾಗದಂತೆ ಸಣ್ಣ ರಂಧ್ರಗಳುಳ್ಳ ಪ್ಲಾಸ್ಟಿಕ್ ತೆರೆಯೊಂದು ತಡೆಯುತ್ತದೆ. (ವಿದ್ಯುದ್ವಿಭಜನೆಯ ಪಾಠದಲ್ಲಿ ಧನ ಧ್ರುವವನ್ನು ಆನೋಡ್ ಎಂದು ಓದಿದ ವಿದ್ಯಾರ್ಥಿಗಳಿಗೆ ಇಲ್ಲಿ ಗೊಂದಲವಾಗಬಹುದು. ಶಕ್ತಿ ಕೊಡುತ್ತಿರುವ ಕೋಶದಲ್ಲಿ ಅಪಕರ್ಷಣ ನಡೆಯುವುದು ಧನ ಧ್ರುವದಲ್ಲಿ. ಆದ್ದರಿಂದ ಅದೇ ಕ್ಯಾಥೋಡ್.)

ಚಾರ್ಜ್ ಮಾಡುವಾಗ ಲಿಥಿಯಮ್ ಅಯಾನುಗಳು ಕ್ಯಾಥೋಡಿನಿಂದ ಹೊರಟು, ದ್ರವವನ್ನು ದಾಟಿ, ಗ್ರಾಫೈಟಿನ ಪದರಗಳ ನಡುವೆ ಸೇರಿಕೊಳ್ಳುತ್ತವೆ. ಎಲೆಕ್ಟ್ರಾನುಗಳು ಹೊರಗಿನ ತಂತಿಯ ಮೂಲಕ ಅದೇ ಕಡೆಗೆ ಹೋಗುತ್ತವೆ. ಬಳಸುವಾಗ ಎರಡೂ ಹಿಂದಿರುಗುತ್ತವೆ. ಕ್ಯಾಥೋಡಿನ ಈ ಕತೆ ಆರಂಭವಾದದ್ದು 1980ರಲ್ಲಿ. ಆಕ್ಸ್‌ಫರ್ಡ್‌ನಲ್ಲಿದ್ದ ಜಾನ್ ಗುಡ್‌ಇನಫ್ ಮತ್ತು ಸಂಗಡಿಗರು ಲಿಥಿಯಮ್ ಕೋಬಾಲ್ಟ್ ಆಕ್ಸೈಡ್ ಸುಮಾರು 4 ವೋಲ್ಟ್ ಕೊಡಬಲ್ಲದೆಂದು ಆಗ ತೋರಿಸಿದರು. 1991ರಲ್ಲಿ ಸೋನಿ ಕಂಪನಿ ಈ ಬಗೆಯ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಗುಡ್‌ಇನಫ್, ಸ್ಟಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೊ ಮೂವರೂ 2019ರ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ವೋಲ್ಟೇಜ್ ಏಕೆ ಹೆಚ್ಚಬೇಕು?

ಬ್ಯಾಟರಿಯಲ್ಲಿರುವ ಶಕ್ತಿ ಎಂದರೆ ಅದರ ವಿದ್ಯುದಂಶ ಮತ್ತು ವೋಲ್ಟೇಜುಗಳ ಗುಣಲಬ್ಧ. ವಿದ್ಯುದಂಶ ಹೆಚ್ಚಬೇಕಾದರೆ ಹೆಚ್ಚು ಲಿಥಿಯಮ್ ಬೇಕು, ಅದನ್ನು ಹಿಡಿದಿಡುವ ಹೆಚ್ಚು ವಸ್ತು ಬೇಕು. ಅದರ ಬದಲು ಅಷ್ಟೇ ಲಿಥಿಯಮನ್ನು ಹೆಚ್ಚಿನ ವೋಲ್ಟೇಜಿನಲ್ಲಿ ದುಡಿಸಿದರೆ ತೂಕ ಹೆಚ್ಚದೆ ಶಕ್ತಿ ಹೆಚ್ಚುತ್ತದೆ. ಎತ್ತರದ ಜಲಾಶಯದಿಂದ ಬೀಳುವ ಅಷ್ಟೇ ನೀರು ಹೆಚ್ಚು ವಿದ್ಯುತ್ತು ಕೊಡುವಂತೆ.

ಕೆಲವು ಸಂಖ್ಯೆಗಳನ್ನು ನೋಡಿ. ಕ್ಯಾಥೋಡಿನ ವೋಲ್ಟೇಜನ್ನು ಲಿಥಿಯಮ್ ಲೋಹವನ್ನು ಸೊನ್ನೆಯೆಂದು ಇಟ್ಟುಕೊಂಡು ಅಳೆಯುತ್ತಾರೆ. ಲಿಥಿಯಮ್ ಕಬ್ಬಿಣ ಫಾಸ್ಫೇಟ್ ಒಂದು ಗ್ರಾಮಿಗೆ ತಾತ್ವಿಕವಾಗಿ 170 ಮಿಲಿಆಂಪಿಯರ್-ಗಂಟೆ ವಿದ್ಯುದಂಶವನ್ನು ಹಿಡಿಯುತ್ತದೆ. ಅದರ ವೋಲ್ಟೇಜ್ ಸುಮಾರು 3.4. ಗುಣಿಸಿದರೆ ಕಿಲೋಗ್ರಾಮಿಗೆ 578 ವಾಟ್-ಗಂಟೆ. ಲಿಥಿಯಮ್ ನಿಕ್ಕಲ್ ಮ್ಯಾಂಗನೀಸ್ ಆಕ್ಸೈಡ್ ಎಂಬ ಸ್ಪೈನೆಲ್ ರಚನೆಯ ವಸ್ತು ಹಿಡಿಯುವುದು ಗ್ರಾಮಿಗೆ 147 ಮಾತ್ರ. ಆದರೆ ಅದರ ವೋಲ್ಟೇಜ್ ಸುಮಾರು 4.7. ಗುಣಿಸಿದರೆ ಸುಮಾರು 690. ಲಿಥಿಯಮ್ ಕೋಬಾಲ್ಟ್ ಫಾಸ್ಫೇಟಿನಲ್ಲಿ 167 ಮತ್ತು 4.8, ಗುಣಲಬ್ಧ ಸುಮಾರು 800. (ಇವು ಕ್ಯಾಥೋಡ್ ವಸ್ತುವಿನ ತೂಕಕ್ಕೆ ಮಾತ್ರ ಹಾಕಿದ ಲೆಕ್ಕ. ಇಡೀ ಬ್ಯಾಟರಿಯ ತೂಕಕ್ಕೆ ಹಾಕಿದರೆ ಬಹಳ ಕಡಿಮೆಯಾಗುತ್ತದೆ.) ಮೇಲಾಗಿ ಆ ನಿಕ್ಕಲ್ ಮ್ಯಾಂಗನೀಸ್ ವಸ್ತುವಿಗೆ ದುಬಾರಿಯಾದ ಕೋಬಾಲ್ಟ್ ಬೇಕಿಲ್ಲ.

ಇಷ್ಟು ಒಳ್ಳೆಯ ಕ್ಯಾಥೋಡುಗಳು ದಶಕಗಳಿಂದ ಗೊತ್ತಿದ್ದರೂ ನಮ್ಮ ಕೈಯಲ್ಲಿರುವ ಫೋನುಗಳಿಗೆ ಅವು ಏಕೆ ಬಂದಿಲ್ಲ? ತೊಂದರೆ ಬಹುಮಟ್ಟಿಗೆ ಕ್ಯಾಥೋಡಿನದಲ್ಲ. ಅದನ್ನು ತೊಯಿಸುವ ದ್ರವದ್ದು.

ಅಡ್ಡಗಾಲು ಹಾಕುವ ದ್ರವ

ಪ್ರತಿಯೊಂದು ದ್ರವಕ್ಕೂ ಅದು ತಾಳಿಕೊಳ್ಳಬಲ್ಲ ವಿಭವದ ಒಂದು ವ್ಯಾಪ್ತಿ ಇದೆ. ಮೇಲಿನ ಮಿತಿಯನ್ನು ದಾಟಿದರೆ ಕ್ಯಾಥೋಡ್ ದ್ರವದಿಂದಲೇ ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುತ್ತದೆ. ದ್ರವ ಉತ್ಕರ್ಷಣಗೊಂಡು ಒಡೆಯುತ್ತದೆ. ಕೆಳಗಿನ ಮಿತಿಯನ್ನು ದಾಟಿದರೆ ಆನೋಡ್ ಅದರೊಳಕ್ಕೆ ಎಲೆಕ್ಟ್ರಾನುಗಳನ್ನು ತುರುಕುತ್ತದೆ. ಆಗ ಅಪಕರ್ಷಣಗೊಂಡು ಒಡೆಯುತ್ತದೆ.

ಈಗ ಸಮುದ್ರದ ನೀರಿನ ಪ್ರಶ್ನೆಗೆ ಬರೋಣ. ಲೀಟರಿಗೆ ಸುಮಾರು 35 ಗ್ರಾಂ ಲವಣಗಳಿರುವ ಸಮುದ್ರದ ನೀರಿನ ವಾಹಕತೆ ಮೀಟರಿಗೆ ಸುಮಾರು 5 ಸೀಮೆನ್ಸ್. ಫೋನಿನ ಬ್ಯಾಟರಿಯಲ್ಲಿರುವ ದ್ರವದ ವಾಹಕತೆ ಸುಮಾರು 1 ಸೀಮೆನ್ಸ್ ಮಾತ್ರ. ಅಯಾನುಗಳನ್ನು ಸಾಗಿಸುವುದರಲ್ಲಿ ಓಂ ಬೀಚಿನ ಅಲೆಯೇ ಮುಂದು! ಆದರೆ ನೀರಿನ ವ್ಯಾಪ್ತಿ ಕೇವಲ 1.23 ವೋಲ್ಟ್. ಅದರಾಚೆಗೆ ನೀರು ಹೈಡ್ರೋಜನ್ ಮತ್ತು ಆಕ್ಸಿಜನ್ ಆಗಿ ಒಡೆಯತೊಡಗುತ್ತದೆ. ನಾಲ್ಕು ವೋಲ್ಟಿನ ಬ್ಯಾಟರಿಗೆ ಅದು ಒದಗುವಂತಿಲ್ಲ. ತೊಡಕು ಉಪ್ಪಿನದಲ್ಲ, ನೀರಿನದು ಎಂಬುದನ್ನು ಇಲ್ಲಿ ಗುರುತಿಸಿಕೊಳ್ಳಿ. ಮುಂದೆ ಇದು ಬೇಕಾಗುತ್ತದೆ.

ಆದ್ದರಿಂದ ಈಗಿನ ಬ್ಯಾಟರಿಗಳಲ್ಲಿ ನೀರಿನ ಬದಲು ಎಥಿಲೀನ್ ಕಾರ್ಬೊನೇಟ್, ಡೈಮೀಥೈಲ್ ಕಾರ್ಬೊನೇಟ್‌ನಂಥ ಸಾವಯವ ದ್ರಾವಕಗಳಿವೆ. ಅವುಗಳಲ್ಲಿ ಲಿಥಿಯಮ್ ಹೆಕ್ಸಾಫ್ಲೋರೋಫಾಸ್ಫೇಟ್ ಎಂಬ ಲವಣವನ್ನು ಕರಗಿಸಿರುತ್ತಾರೆ. ಕೆಳಮಿತಿಯ ಸಮಸ್ಯೆಯನ್ನು ಈ ದ್ರವ ಜಾಣತನದಿಂದ ಬಗೆಹರಿಸುತ್ತದೆ: ಮೊದಲ ಚಾರ್ಜಿನಲ್ಲಿ ಸ್ವಲ್ಪ ಒಡೆದು ಗ್ರಾಫೈಟಿನ ಮೇಲೆ ತೆಳುವಾದ ರಕ್ಷಾಪದರವನ್ನು ಕಟ್ಟುತ್ತದೆ. ಆ ಪದರ ಲಿಥಿಯಮ್ ಅಯಾನುಗಳನ್ನು ಬಿಡುತ್ತದೆ, ಎಲೆಕ್ಟ್ರಾನುಗಳನ್ನು ತಡೆಯುತ್ತದೆ. ಆದರೆ ಮೇಲಿನ ಕಡೆಯಲ್ಲಿ ಸುಮಾರು 4.3ರಿಂದ 4.5 ವೋಲ್ಟ್ ದಾಟಿದರೆ ದ್ರಾವಕ ಸತತವಾಗಿ ಉತ್ಕರ್ಷಣಗೊಳ್ಳುತ್ತದೆ. ಅನಿಲ ಹುಟ್ಟಿ ಕೋಶ ಊದಿಕೊಳ್ಳುತ್ತದೆ.

ಇನ್ನೂ ಎರಡು ಕೇಡುಗಳಿವೆ. ಲಿಥಿಯಮ್ ಹೆಕ್ಸಾಫ್ಲೋರೋಫಾಸ್ಫೇಟ್ ಲವಣಕ್ಕೆ ತೇವದ ಸೋಂಕಾದರೂ ತಗಲಿದರೆ ಹೈಡ್ರೋಫ್ಲೋರಿಕ್ ಆಮ್ಲ ಉಂಟಾಗುತ್ತದೆ. ಈ ಆಮ್ಲ ಕ್ಯಾಥೋಡಿನಿಂದ ಮ್ಯಾಂಗನೀಸ್ ಮತ್ತು ನಿಕ್ಕಲನ್ನು ಕರಗಿಸುತ್ತದೆ. ಕರಗಿದ ಅಯಾನುಗಳು ಆನೋಡಿಗೆ ಹೋಗಿ ಅಲ್ಲಿನ ರಕ್ಷಾಪದರವನ್ನು ಕೆಡಿಸುತ್ತವೆ. ಉಷ್ಣತೆ ಏರಿದಷ್ಟೂ ಈ ಕ್ರಿಯೆಗಳ ವೇಗ ಹೆಚ್ಚು. ಎರಡನೆಯದಾಗಿ, ಡೈಮೀಥೈಲ್ ಕಾರ್ಬೊನೇಟಿನ ಆವಿ 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೇ ಕಿಡಿ ತಾಗಿದರೆ ಹೊತ್ತಿಕೊಳ್ಳಬಲ್ಲದು. ನಮ್ಮ ಕರಾವಳಿಯ ಹಗಲು ಅದಕ್ಕಿಂತ ಎಷ್ಟೋ ಬಿಸಿ. ಬಂಡೆಯ ಮೇಲಿನ ಫೋನ್ ತಾನಾಗಿ ಸುಮ್ಮನಾದದ್ದು ಒಳ್ಳೆಯದೇ ಆಯಿತು.

ಪ್ರತಿ ಸುತ್ತಿನಲ್ಲೂ ಆಗುವ ಹಾನಿ ಸಣ್ಣದು ಎಂದು ಕಡೆಗಣಿಸುವಂತಿಲ್ಲ. ಚಾರ್ಜ್ ಮಾಡಿ ಬಳಸುವ ಪ್ರತಿ ಸುತ್ತಿನಲ್ಲಿ ಲಿಥಿಯಮಿನ ಶೇಕಡ 99.9 ಭಾಗ ಹಿಂದಿರುಗಿ, 0.1 ಭಾಗ ಮಾತ್ರ ನಷ್ಟವಾಗುತ್ತದೆ ಎಂದುಕೊಳ್ಳಿ. ಸಾವಿರ ಸುತ್ತುಗಳ ನಂತರ ಉಳಿಯುವುದು 0.999ರ ಸಾವಿರದ ಘಾತ, ಅಂದರೆ ಶೇಕಡ 37. ಶೇಕಡ 99.99 ಹಿಂದಿರುಗಿದರೆ ಉಳಿಯುವುದು ಶೇಕಡ 90. ದಶಮಾಂಶದ ಆಚೆಗಿನ ಒಂದು 9 ಬ್ಯಾಟರಿಯ ಆಯುಷ್ಯವನ್ನು ನಿರ್ಧರಿಸುತ್ತದೆ. ತರಗತಿಯಲ್ಲಿ ಲಾಗರಿದಮ್ ಕಲಿಸುವಾಗ ಇದನ್ನು ಉದಾಹರಣೆಯಾಗಿ ಕೊಡಬಹುದು.

ಉಪ್ಪಿನಾಗರ ಕಲಿಸುವ ಪಾಠ

ಓಂ ಬೀಚಿನಿಂದ ಹೊರಟು, ಗೋಕರ್ಣದ ಸಮೀಪ ಅಘನಾಶಿನಿಯ ಅಳಿವೆ ಪ್ರದೇಶದಲ್ಲಿರುವ ಸಾಣಿಕಟ್ಟಾಕ್ಕೆ ಬನ್ನಿ. ಅಲ್ಲಿ ಬೇಸಿಗೆಯಲ್ಲಿ ಉಪ್ಪಿನಾಗರಗಳಿಗೆ ಸಮುದ್ರದ ನೀರನ್ನು ಹಾಯಿಸಿ, ಬಿಸಿಲಿಗೆ ಆವಿಯಾಗಲು ಬಿಟ್ಟು ಉಪ್ಪು ತೆಗೆಯುತ್ತಾರೆ. ನಮಗೆ ಬೇಕಾದದ್ದೂ ಇದೇ ಅಲ್ಲವೆ? ನೀರನ್ನು ಕಳೆದರೆ ನೀರಿನ ತೊಡಕೂ ಕಳೆಯಿತು. ಆದರೆ ಆಗ ಕೈಗೆ ಬರುವುದು ಹರಳು. ಅದರಲ್ಲಿ ಅಯಾನುಗಳಿವೆ, ಚಲನೆ ಇಲ್ಲ; ಒಣ ಉಪ್ಪು ವಿದ್ಯುತ್ ಹರಿಸದು. ಅಯಾನುಗಳನ್ನು ಬಿಡಿಸಬೇಕಾದರೆ ಉಪ್ಪನ್ನು 801 ಡಿಗ್ರಿಗೆ ಕಾಯಿಸಿ ಕರಗಿಸಬೇಕು.

ಉಪ್ಪಿನ ದ್ರವನ ಬಿಂದು ಇಷ್ಟು ಹೆಚ್ಚೇಕೆ? ಸೋಡಿಯಮ್ ಅಯಾನಿನ ತ್ರಿಜ್ಯ 102 ಪಿಕೋಮೀಟರ್, ಕ್ಲೋರೈಡಿನದು 181. ಎರಡೂ ಪುಟ್ಟ ಗೋಲಗಳು. ಒಂದಕ್ಕೊಂದು ಬಹಳ ಹತ್ತಿರ, ಅಚ್ಚುಕಟ್ಟಾಗಿ ಜೋಡಿಸಿಕೊಳ್ಳುತ್ತವೆ. ಕೂಲಂಬ್ ನಿಯಮದಂತೆ ದೂರ ಕಡಿಮೆಯಾದಷ್ಟೂ ಆಕರ್ಷಣೆ ಹೆಚ್ಚು. ಹಾಗಾದರೆ ಅಯಾನುಗಳೇ ದೊಡ್ಡದಾಗಿ, ಸೊಟ್ಟಪಟ್ಟವಾಗಿದ್ದರೆ? ಕೇಂದ್ರಗಳ ನಡುವಿನ ದೂರ ಹೆಚ್ಚುತ್ತದೆ, ಆಕರ್ಷಣೆ ತಗ್ಗುತ್ತದೆ, ಅಚ್ಚುಕಟ್ಟಾದ ಜೋಡಣೆಯೂ ಸಾಧ್ಯವಾಗುವುದಿಲ್ಲ. ಅಂಗಡಿಯಲ್ಲಿ ಕಿತ್ತಳೆ ಹಣ್ಣುಗಳನ್ನು ಸಾಲಾಗಿ ಒಟ್ಟಬಹುದು. ಶುಂಠಿ ಗಡ್ಡೆಗಳನ್ನು ಒಟ್ಟಿ ನೋಡಿ! ಇಂಥ ಅಯಾನುಗಳ ಲವಣ ಸಾಮಾನ್ಯ ಉಷ್ಣತೆಯಲ್ಲೇ ದ್ರವವಾಗಿರುತ್ತದೆ. 100 ಡಿಗ್ರಿಗಿಂತ ಕೆಳಗೆ ಕರಗುವ ಲವಣಗಳನ್ನು ಅಯಾನಿಕ ದ್ರವಗಳು ಎನ್ನುತ್ತಾರೆ.

1914ರಲ್ಲಿ ಪಾಲ್ ವಾಲ್ಡನ್ 12 ಡಿಗ್ರಿಯಲ್ಲೇ ಕರಗುವ ಎಥೈಲ್ ಅಮೋನಿಯಮ್ ನೈಟ್ರೇಟನ್ನು ವರ್ಣಿಸಿದರು. ಹೆಚ್ಚಿನವರು ಅದನ್ನು ಗಮನಿಸಲಿಲ್ಲ. ಮುಂದೆ ಬಂದ ಕೆಲವು ಅಯಾನಿಕ ದ್ರವಗಳು ತೇವಕ್ಕೆ ಕೆಡುತ್ತಿದ್ದವು. ಗಾಳಿಗೂ ನೀರಿಗೂ ಕೆಡದ ದ್ರವಗಳನ್ನು 1992ರಲ್ಲಿ ಅಮೆರಿಕದ ವಾಯುಪಡೆಯ ಅಕಾಡೆಮಿಯ ಜಾನ್ ವಿಲ್ಕ್ಸ್ ಮತ್ತು ಮೈಕೆಲ್ ಜವೊರೊಟ್ಕೊ ತಯಾರಿಸಿದ ಮೇಲೆ ಸಂಶೋಧನೆ ವೇಗ ಪಡೆಯಿತು.

ಬ್ಯಾಟರಿಗೆ ಹೆಚ್ಚು ಒಗ್ಗಿರುವುದು ಪೈರೊಲಿಡಿನಿಯಮ್ ಎಂಬ ಧನ ಅಯಾನಿನ ಕುಟುಂಬ. ಅದರ ಜೊತೆಗಿರುವ ಋಣ ಅಯಾನಿಗೆ ಸಂಕ್ಷಿಪ್ತವಾಗಿ ಟಿ.ಎಫ್.ಎಸ್.ಐ. ಎಂದು ಹೆಸರು, ಗಂಧಕ, ಸಾರಜನಕ ಮತ್ತು ಫ್ಲೋರಿನ್ ಇರುವ ಇದರಲ್ಲಿ ಋಣ ವಿದ್ಯುದಂಶ ಒಂದೇ ಕಡೆ ನಿಲ್ಲದೆ ಅಯಾನಿನುದ್ದಕ್ಕೂ ಹರಡಿಕೊಂಡಿರುತ್ತದೆ. ಇವೆರಡೂ ಸೇರಿದ ದ್ರವದ ಸ್ಥಿರತೆಯ ವ್ಯಾಪ್ತಿ ಸುಮಾರು 5.5 ವೋಲ್ಟ್. ಆವಿಯಾಗುವುದು ಅತ್ಯಲ್ಪವಾದ್ದರಿಂದ ಹೊತ್ತಿಕೊಳ್ಳುವ ಭಯವೂ ತೀರ ಕಡಿಮೆ. ಇದರಲ್ಲಿ ಸ್ವಲ್ಪ ಲಿಥಿಯಮ್ ಲವಣವನ್ನು ಕರಗಿಸಿದರೆ ವಿದ್ಯುದ್ವಿಭಾಜ್ಯ ಸಿದ್ಧ. ನೀರೂ ಇಲ್ಲ, ದ್ರಾವಕವೂ ಇಲ್ಲ, ಎಲ್ಲವೂ ಉಪ್ಪೇ.

ಕ್ಯಾಥೋಡಿಗೆ ಆದ ಲಾಭ

2009ರಲ್ಲಿ ಇಸ್ರೇಲಿನ ಬಾರ್-ಇಲಾನ್ ವಿಶ್ವವಿದ್ಯಾಲಯದ ಡೊರಾನ್ ಆರ್ಬಾಕ್ ಅವರ ತಂಡ, 4.7 ವೋಲ್ಟಿನ ನಿಕ್ಕಲ್ ಮ್ಯಾಂಗನೀಸ್ ಕ್ಯಾಥೋಡನ್ನು ಹಲವು ಅಯಾನಿಕ ದ್ರವಗಳಲ್ಲಿ ಪರೀಕ್ಷಿಸಿತು. ಪೈರೊಲಿಡಿನಿಯಮ್ ಮತ್ತು ಅದರ ಸಂಬಂಧಿ ಪೈಪೆರಿಡಿನಿಯಮ್ ದ್ರವಗಳು ಈ ಕ್ಯಾಥೋಡಿನೊಂದಿಗೆ ಚೆನ್ನಾಗಿ ಹೊಂದಿಕೊಂಡವು. ಇಮಿಡಜೋಲಿಯಮ್ ದ್ರವಗಳು ಅಷ್ಟು ಹೊಂದಲಿಲ್ಲ. ಅಯಾನಿಕ ದ್ರವ ಎಂಬ ಹೆಸರೊಂದೇ ಸಾಲದು, ಅಯಾನಿನ ಆಯ್ಕೆ ಮುಖ್ಯ ಎಂಬುದು ಇದರಿಂದ ಸ್ಪಷ್ಟವಾಯಿತು.

ಜೂನ್ 2014ರಲ್ಲಿ ಉಡಾವಣೆಯಾದ ಜಪಾನಿನ ಹೊದೊಯೋಶಿ-3 ಎಂಬ ಪುಟ್ಟ ಉಪಗ್ರಹದಲ್ಲಿ ಅಯಾನಿಕ ದ್ರವದ ಲಿಥಿಯಮ್ ಬ್ಯಾಟರಿಯೊಂದನ್ನು ಪರೀಕ್ಷೆಗೆ ಇಟ್ಟಿದ್ದರು. ನಿರ್ವಾತದಲ್ಲಿ ಆವಿಯಾಗದ ದ್ರವಕ್ಕೆ ಅದು ತಕ್ಕ ಪರೀಕ್ಷೆಯೇ ಸರಿ.

2021ರಲ್ಲಿ ಜರ್ಮನಿಯ ಉಲ್ಮ್‌ನ ಹೆಲ್ಮ್‌ಹೋಲ್ಟ್ಸ್ ಸಂಸ್ಥೆಯ ಸ್ಟೆಫಾನೊ ಪಸ್ಸೆರಿನಿ ಅವರ ತಂಡ ನಿಕ್ಕಲ್ ಹೆಚ್ಚಿರುವ ಪದರ ರಚನೆಯ ಕ್ಯಾಥೋಡಿಗೆ, ಎರಡು ಬಗೆಯ ಋಣ ಅಯಾನುಗಳಿರುವ ಅಯಾನಿಕ ದ್ರವವನ್ನು ಬಳಸಿತು. ಈ ಕ್ಯಾಥೋಡುಗಳ ಮೇಲ್ಮೈ ಸಾಮಾನ್ಯ ದ್ರವದಲ್ಲಿ ಬಿರುಕುಬಿಟ್ಟು ಕೆಡುವುದು ರೂಢಿ. ಈ ದ್ರವದಲ್ಲಿ ಸಾವಿರ ಸುತ್ತುಗಳ ನಂತರವೂ ಶೇಕಡ 88ರಷ್ಟು ಸಾಮರ್ಥ್ಯ ಉಳಿಯಿತು. ಎರಡು ಧ್ರುವಗಳ ಸಕ್ರಿಯ ವಸ್ತುಗಳ ತೂಕಕ್ಕೆ ಲೆಕ್ಕ ಹಾಕಿದಾಗ ಕಿಲೋಗ್ರಾಮಿಗೆ 560 ವಾಟ್-ಗಂಟೆ ದೊರೆಯಿತು. ಅಲ್ಲಿನ ಆನೋಡ್ ಗ್ರಾಫೈಟ್ ಅಲ್ಲ, ಲಿಥಿಯಮ್ ಲೋಹವೇ ಎಂಬುದನ್ನು ಮರೆಯಬಾರದು.

ತೊಡಕುಗಳು

ಹಾಗಾದರೆ ಎಲ್ಲ ಬ್ಯಾಟರಿಗಳಿಗೂ ಇದನ್ನೇ ತುಂಬಬಹುದಲ್ಲ? ಅಷ್ಟು ಸುಲಭವಿಲ್ಲ. ಈ ದ್ರವಗಳು ದಪ್ಪ. ಪೈರೊಲಿಡಿನಿಯಮ್ ದ್ರವದ ಸ್ನಿಗ್ಧತೆ ನೀರಿನದರ ಎಂಬತ್ತು, ತೊಂಬತ್ತು ಪಟ್ಟು. ಲಿಥಿಯಮ್ ಲವಣ ಸೇರಿಸಿದರೆ ಇನ್ನೂ ಹೆಚ್ಚುತ್ತದೆ. ವಾಹಕತೆ ಸಮುದ್ರದ ನೀರಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಆದ್ದರಿಂದ ಬೇಗ ಚಾರ್ಜ್ ಮಾಡಲು ಆಗುವುದಿಲ್ಲ. ಚಳಿಯಲ್ಲಿ ಮತ್ತಷ್ಟು ನಿಧಾನ. ಪ್ಲಾಸ್ಟಿಕ್ ತೆರೆಯ ರಂಧ್ರಗಳೊಳಗೂ ಈ ದ್ರವ ಸುಲಭವಾಗಿ ಇಳಿಯುವುದಿಲ್ಲ.

ಇನ್ನೊಂದು ಸೋಜಿಗವಿದೆ. ಲಿಥಿಯಮ್ ಅಯಾನು ಪುಟ್ಟದು. ಅದರ ಸುತ್ತ ಋಣ ಅಯಾನುಗಳು ಗುಂಪುಗಟ್ಟಿ ಇಡೀ ಗುಂಪು ಋಣ ವಿದ್ಯುದಂಶವನ್ನು ಪಡೆಯುತ್ತದೆ. ವಿದ್ಯುತ್ ಕ್ಷೇತ್ರದಲ್ಲಿ ಆ ಗುಂಪು ಹೊರಡುವುದು ಧನ ಧ್ರುವದ ಕಡೆಗೆ! ಧನ ಅಯಾನಾದ ಲಿಥಿಯಮ್ ಹೋಗಬೇಕಾದ ದಿಕ್ಕಿಗೆ ವಿರುದ್ಧವಾಗಿ ಸಾಗಬಲ್ಲದೆಂದು 2018ರಲ್ಲಿ ಜರ್ಮನಿಯ ಸಂಶೋಧಕರು ಅಳತೆಗಳಿಂದ ತೋರಿಸಿದರು. ಬ್ಯಾಟರಿ ಆಗಲೂ ನಡೆಯುವುದು ಸಾಂದ್ರತೆಯ ವ್ಯತ್ಯಾಸದಿಂದಾಗುವ ವಿಸರಣೆಯ ಬಲದಿಂದ.

ಗ್ರಾಫೈಟಿನ ಸಮಸ್ಯೆಯೂ ಇದೆ. ಟಿ.ಎಫ್.ಎಸ್.ಐ. ದ್ರವ ಒಳ್ಳೆಯ ರಕ್ಷಾಪದರವನ್ನು ಕಟ್ಟುವುದಿಲ್ಲ. ಅದರ ದೊಡ್ಡ ಧನ ಅಯಾನುಗಳೇ ಗ್ರಾಫೈಟಿನೊಳಗೆ ನುಗ್ಗುತ್ತವೆ. ಅದರ ತಮ್ಮನಂತಿರುವ, ಇನ್ನಷ್ಟು ಚಿಕ್ಕದಾದ ಎಫ್.ಎಸ್.ಐ. ಎಂಬ ಅಯಾನು ಈ ತೊಂದರೆಯನ್ನು ಬಹುಮಟ್ಟಿಗೆ ನಿವಾರಿಸುತ್ತದೆ. ಅದರ ದ್ರವ ಅಷ್ಟು ದಪ್ಪವೂ ಅಲ್ಲ. ಹೊದೊಯೋಶಿಯ ಬ್ಯಾಟರಿಯಲ್ಲಿದ್ದದ್ದು ಇದೇ. ಇವೆಲ್ಲಕ್ಕೂ ಮೇಲಾಗಿ ಈ ದ್ರವಗಳು ಕಾರ್ಬೊನೇಟುಗಳಿಗಿಂತ ಬಹಳ ದುಬಾರಿ. ಹೀಗಾಗಿ ಅಯಾನಿಕ ದ್ರವಕ್ಕೆ ತೆಳುವಾದ ಬೇರೆ ದ್ರಾವಕಗಳನ್ನು ಬೆರೆಸುವ ಮಧ್ಯಮಾರ್ಗವನ್ನು ಹಲವರು ಹಿಡಿದಿದ್ದಾರೆ.

ಒದ್ದೆ ಮರಳಿನ ಉಪಾಯ

ಮತ್ತೆ ಓಂ ಬೀಚಿಗೆ ಬನ್ನಿ. ಅಲೆ ಹಿಂದೆ ಸರಿದ ಮೇಲಿನ ಒದ್ದೆ ಮರಳನ್ನು ಒಂದು ಹಿಡಿ ತೆಗೆದುಕೊಳ್ಳಿ. ಮುಟ್ಟಿದರೆ ಗಟ್ಟಿ, ಒಳಗೆ ನೀರಿನ ಎಳೆಗಳು. ಇದೇ ಚಿತ್ರವನ್ನು ನೆನಪಿಸುವ ‘ಒದ್ದೆ ಮರಳಿನ ವಿದ್ಯುದ್ವಿಭಾಜ್ಯ’ ಎಂಬ ಹೆಸರಿನಲ್ಲಿ ಅನಿಂದ ಭಟ್ಟಾಚಾರ್ಯ ಮತ್ತು ಜೋಕಿಮ್ ಮೈಯರ್ ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ 2004ರಲ್ಲಿ ಒಂದು ಸಂಶೋಧನೆಯನ್ನು ಪ್ರಕಟಿಸಿದರು. ಭಟ್ಟಾಚಾರ್ಯ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಬ್ಯಾಟರಿ ಸಂಶೋಧನೆಯನ್ನು ಮುಂದುವರಿಸಿದರು. ಲಿಥಿಯಮ್ ಲವಣದ ದ್ರಾವಣಕ್ಕೆ ಅತಿ ನಯವಾದ ಸಿಲಿಕ ಪುಡಿಯನ್ನು ಬೆರೆಸಿದರೆ ಅದು ಮುದ್ದೆಯಾಗುತ್ತದೆ. ಹಾಗಾದರೆ ವಾಹಕತೆ ತಗ್ಗಬೇಕು ಎಂದುಕೊಳ್ಳುತ್ತೇವೆ. ಆದರೆ ಅದು ಹೆಚ್ಚಿತು! ಸಿಲಿಕದ ಮೇಲ್ಮೈ ಋಣ ಅಯಾನುಗಳನ್ನು ಹಿಡಿದಿಟ್ಟುಕೊಂಡು ಲಿಥಿಯಮನ್ನು ಬಿಡುಗಡೆ ಮಾಡುತ್ತದೆ. ಅದು ಕಣಗಳ ಅಂಚಿನಗುಂಟ ಸಾಗುತ್ತದೆ ಎಂಬುದು ಅವರ ವಿವರಣೆ. ಅಯಾನಿಕ ದ್ರವವನ್ನು ಸಿಲಿಕದ ಜಾಲದೊಳಗೆ ಹಿಡಿದಿಟ್ಟ ‘ಅಯಾನೋಜೆಲ್’ಗಳ ಮೇಲೂ ಹಲವೆಡೆ ಕೆಲಸ ನಡೆದಿದೆ. ಅವು ಸೋರುವುದಿಲ್ಲ, ಹೊತ್ತುವುದಿಲ್ಲ.

ಸಮುದ್ರಕ್ಕೆ ಮರಳದ ಉಪ್ಪು

ಕೊನೆಯಲ್ಲಿ ಒಂದು ಎಚ್ಚರಿಕೆಯ ಮಾತು. ಸಾಣಿಕಟ್ಟಾದ ಉಪ್ಪು ಸಮುದ್ರದಿಂದ ಬಂದದ್ದು, ಎಂದಾದರೊಂದು ದಿನ ಸಮುದ್ರಕ್ಕೇ ಸೇರುತ್ತದೆ. ಅದರಿಂದ ಕೇಡಿಲ್ಲ. ಟಿ.ಎಫ್.ಎಸ್.ಐ. ಹಾಗಲ್ಲ. ಐದು ವೋಲ್ಟಿಗೂ ಒಡೆಯದಂತೆ ಅದನ್ನು ಕಾಯುವ ಇಂಗಾಲ-ಫ್ಲೋರಿನ್ ಬಂಧವೇ ಮಣ್ಣಿನಲ್ಲಿ, ನೀರಿನಲ್ಲಿ ಅದು ಕೊಳೆಯದಂತೆಯೂ ಕಾಯುತ್ತದೆ. ಅಮೆರಿಕ ಮತ್ತು ಯುರೋಪಿನ ಕೆಲವು ತಯಾರಿಕಾ ಘಟಕಗಳ ಸುತ್ತಲಿನ ನೀರು, ಮಣ್ಣುಗಳಲ್ಲಿ ಈ ಕುಟುಂಬದ ವಸ್ತುಗಳು ಕಂಡುಬಂದಿವೆ ಎಂಬ ಅಧ್ಯಯನ 2024ರಲ್ಲಿ ಪ್ರಕಟವಾಗಿದೆ. ಬ್ಯಾಟರಿಯಲ್ಲಿ ಯಾವ ಗುಣವನ್ನು ಮೆಚ್ಚಿದೆವೋ ಪರಿಸರದಲ್ಲಿ ಅದೇ ದೋಷವಾಗುತ್ತದೆ. ಹಳೆಯ ಬ್ಯಾಟರಿಗಳನ್ನು ಮರಳಿ ಪಡೆದು, ದ್ರವವನ್ನೂ ಲೋಹಗಳನ್ನೂ ಬೇರ್ಪಡಿಸುವ ವ್ಯವಸ್ಥೆ ಇಲ್ಲದೆ ಈ ದ್ರವಗಳನ್ನು ಟನ್ನುಗಟ್ಟಲೆ ಬಳಸುವುದು ಸರಿಯಲ್ಲ. ಫ್ಲೋರಿನ್ ಇಲ್ಲದ ಋಣ ಅಯಾನುಗಳ ಹುಡುಕಾಟ ಆದ್ದರಿಂದಲೇ ಮುಖ್ಯ.

ಆದರೂ ದೀರ್ಘಾಯುಷ್ಯದ ಬ್ಯಾಟರಿ ನಮಗೆ ಬೇಕೇ ಬೇಕು. ಮಂಡ್ಯ ಜಿಲ್ಲೆಯ ಮರ್ಲಗಲ್ಲ-ಅಲ್ಲಾಪಟ್ನ ಪ್ರದೇಶದ ಶಿಲೆಗಳಲ್ಲಿ 1,600 ಟನ್ ಲಿಥಿಯಮ್ ಸಂಪನ್ಮೂಲವಿದೆ ಎಂಬ ಪ್ರಾಥಮಿಕ ಅಂದಾಜನ್ನು 2021ರಲ್ಲಿ ಸಂಸತ್ತಿಗೆ ತಿಳಿಸಲಾಯಿತು. ದೇಶದ ಬೇಡಿಕೆಯ ಮುಂದೆ ಇದು ಸಣ್ಣ ಮೊತ್ತ. ಬ್ಯಾಟರಿಯ ಆಯುಷ್ಯ ಎರಡು ಪಟ್ಟಾದರೆ ಅಷ್ಟೇ ಲಿಥಿಯಮಿನಿಂದ ಎರಡು ಪಟ್ಟು ಕೆಲಸವಾಗುತ್ತದೆ.

ಶಿಕ್ಷಕರಿಗೆ ಒಂದು ಸಲಹೆ. 9 ವೋಲ್ಟಿನ ಬ್ಯಾಟರಿ, ಎರಡು ಪೆನ್ಸಿಲ್ ಕಡ್ಡಿಗಳು, ಒಂದು ಎಲ್.ಇ.ಡಿ. ಮತ್ತು ಸರಣಿಯಲ್ಲಿ 470 ಓಮ್‌ನ ರೋಧಕವನ್ನು ಜೋಡಿಸಿ. ಕಡ್ಡಿಗಳನ್ನು ಒಣ ಉಪ್ಪಿನಲ್ಲಿ ಇಟ್ಟರೆ ದೀಪ ಹೊತ್ತುವುದಿಲ್ಲ. ಉಪ್ಪುನೀರಿನಲ್ಲಿ ಇಟ್ಟರೆ ಹೊತ್ತುತ್ತದೆ. ಕಡ್ಡಿಗಳ ಬಳಿ ಏಳುವ ಗುಳ್ಳೆಗಳನ್ನು ಮಕ್ಕಳಿಗೆ ತೋರಿಸಿ. ದ್ರವ ತನ್ನ ಮಿತಿಯನ್ನು ದಾಟಿ ಒಡೆಯುತ್ತಿದೆ ಎಂಬುದಕ್ಕೆ ಅವೇ ಸಾಕ್ಷಿ. ಸ್ವಲ್ಪ ಕ್ಲೋರಿನ್ ಕೂಡ ಬರುವುದರಿಂದ ಕಿಟಕಿ ತೆರೆದಿಟ್ಟು ಒಂದೆರಡು ನಿಮಿಷದಲ್ಲಿ ಮುಗಿಸಿ. ಫೋನಿನ ಬ್ಯಾಟರಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ.

ಓಂ ಬೀಚಿನಲ್ಲಿ ಪ್ರಶ್ನೆ ಕೇಳಿದ ವಿದ್ಯಾರ್ಥಿನಿಗೆ ಅಂದು ನಾನು ಕೊಟ್ಟ ಉತ್ತರ ಚಿಕ್ಕದು: “ಸಮುದ್ರದಲ್ಲಿರುವ ಉಪ್ಪು ಸರಿ, ನೀರು ಬೇಡ.” ಆ ಗುಳ್ಳೆಗಳನ್ನು ನೋಡಿದ ಮೇಲೆ ಇದರ ಅರ್ಥ ನಿಮ್ಮ ವಿದ್ಯಾರ್ಥಿಗಳಿಗೂ ಹೊಳೆದೀತು.